ಶಾಲೆಯಲ್ಲಿ ಧರ್ಮ: ದೇಹೂ ರೋಡ್, ಪುಣೆ ಮತ್ತು ಕನ್ನಡ ನಾಡು

ಶಾಲಾ ಶಿಕ್ಷಣದಲ್ಲಿ ಧರ್ಮಕ್ಕೆ ಎಷ್ಟು ಜಾಗ ಇರಬೇಕು, ದೇವರನ್ನು ನಂಬುವ ಮನೆಯ ಮಕ್ಕಳೂ ನಂಬದ ಮನೆಯ ಮಕ್ಕಳೂ ಒಂದೇ ಬೆಂಚಿನಲ್ಲಿ ಕೂರುವಾಗ ಯಾರು ಯಾರಿಗೆ ಎಷ್ಟು ಬಿಟ್ಟುಕೊಡಬೇಕು ಎಂಬ ಚರ್ಚೆಗೆ ಭಾರತದಲ್ಲಿ ಹೆಚ್ಚುಕಡಿಮೆ ಇನ್ನೂರು ವರ್ಷದ ವಯಸ್ಸು. ಅದರ ದೊಡ್ಡ ಜಗಳಗಳಲ್ಲಿ ಕೆಲವು ನಡೆದದ್ದು ಪುಣೆಯಲ್ಲಿ, ಇನ್ನು ಕೆಲವು ಕನ್ನಡ ಕರಾವಳಿಯಲ್ಲಿ. ಆದ್ದರಿಂದ ಈ ವಿಷಯವನ್ನು ದೆಹಲಿಯಿಂದ ನೋಡುವುದಕ್ಕಿಂತ ಪುಣೆಯ ಹೊರವಲಯದ ಒಂದು ದಂಡು ಪ್ರದೇಶದಿಂದ ನೋಡಿದರೆ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ.

ದೇಹೂ ರೋಡ್ ಹಳೆಯ ಪುಣೆ–ಮುಂಬಯಿ ಹೆದ್ದಾರಿಯ ಮೇಲಿದೆ. ಪುಣೆ–ಲೋಣಾವಳ ಲೋಕಲ್ ರೈಲಿನಲ್ಲಿ ಆಕುರ್ಡಿ ದಾಟಿದ ಮೇಲೆ ಸಿಗುವ ನಿಲ್ದಾಣ. ಇಂದ್ರಾಯಣಿ ದಡದ ದೇಹೂ ಎಂಬ ಹಳ್ಳಿಗೆ ಹೋಗುವ ದಾರಿ ಇಲ್ಲಿಂದ ಒಡೆಯುವುದರಿಂದ ಈ ಹೆಸರು. ಆ ಹಳ್ಳಿ ಹದಿನೇಳನೆಯ ಶತಮಾನದ ಸಂತ ತುಕಾರಾಮನ ಊರು. ಪ್ರತಿವರ್ಷ ಜ್ಯೇಷ್ಠ ಮಾಸದಲ್ಲಿ ಅವನ ಪಾದುಕೆಗಳ ಪಾಲಕಿ ಪಂಢರಪುರಕ್ಕೆ ಹೊರಡುವುದು ಅಲ್ಲಿಂದಲೇ. ದೇಹೂ ರೋಡ್ ಮಾತ್ರ ಸೇನೆಯ ಊರು: ಆರ್ಡ್ನೆನ್ಸ್ ಡಿಪೋ, ಮದ್ದುಗುಂಡು ಉಗ್ರಾಣ, ಕಂಟೋನ್ಮೆಂಟ್ ಬೋರ್ಡು. ಡಿಪೋ ಕೆಲಸಕ್ಕೂ ಸೇನೆಯ ವರ್ಗಾವಣೆಗೂ ಬಂದ ತಮಿಳು, ತೆಲುಗು, ಮಲಯಾಳ, ಕನ್ನಡ, ಪಂಜಾಬಿ ಮಾತಿನ ಕುಟುಂಬಗಳು ತಮ್ಮ ತಮ್ಮ ದೇವರನ್ನೂ ಜೊತೆಗೇ ತಂದವು. ಹಾಗಾಗಿ ಮಂದಿರ, ಮಸೀದಿ, ಚರ್ಚು, ಗುರುದ್ವಾರಗಳೆಲ್ಲ ಇಲ್ಲಿ ಕಾಲ್ನಡಿಗೆಯ ಅಂತರದಲ್ಲಿವೆ.

ಇವುಗಳ ಸಾಲಿಗೆ ಒಂದು ಬುದ್ಧ ವಿಹಾರವೂ ಸೇರಿದೆ. 1954ರ ಡಿಸೆಂಬರ್ 25ರಂದು ಡಾ. ಬಿ. ಆರ್. ಅಂಬೇಡ್ಕರ್ ಇಲ್ಲಿ ಬುದ್ಧನ ಮೂರ್ತಿಯನ್ನು ಪ್ರತಿಷ್ಠಾಪಿಸಿದರು. ನಾಗಪುರದಲ್ಲಿ ಅವರು ಬೌದ್ಧ ದೀಕ್ಷೆ ಪಡೆದದ್ದು 1956ರ ಅಕ್ಟೋಬರ್ 14ರಂದು. ಅಂದರೆ ಇದು ಅದಕ್ಕೆ ಸುಮಾರು ಎರಡು ವರ್ಷ ಮೊದಲಿನ ಮಾತು. ಅಂದಿನ ಭಾಷಣದಲ್ಲಿ ಅವರು ಪಂಢರಪುರದ ವಿಠೋಬ ಮೂಲದಲ್ಲಿ ಬುದ್ಧನೇ ಎಂಬ ತಮ್ಮ ಅಭಿಪ್ರಾಯ ಹೇಳಿ, ಅದನ್ನು ಪ್ರಬಂಧವಾಗಿ ಬರೆದು ತೋರಿಸುವುದಾಗಿಯೂ ಹೇಳಿದರು. ವಿದ್ವಾಂಸರಲ್ಲಿ ಇದಕ್ಕೆ ಒಮ್ಮತವಿಲ್ಲ. ಜ್ಞಾನೇಶ್ವರನ ಪರಂಪರೆಯಂತೂ ವಿಠ್ಠಲನನ್ನು ಕನ್ನಡದವನೆಂದೇ ಕರೆಯುತ್ತದೆ. ಆ ವಾದವನ್ನು ಹಿಡಿದು ಕನ್ನಡಿಗರು ಸಾಕಷ್ಟು ಶಾಯಿ ಖರ್ಚು ಮಾಡಿದ್ದಾರೆ. ಇಲ್ಲಿ ಗಮನಿಸಬೇಕಾದ್ದು ಬೇರೆ: ತುಕಾರಾಮನ ಊರಿನ ಬಾಗಿಲಲ್ಲಿ ನಿಂತು ಅವನ ಆರಾಧ್ಯದೈವದ ಬಗ್ಗೆ ಇಂಥ ಮಾತು ಆಡಲು ಸಾಧ್ಯವಾಯಿತು, ಆ ಬಳಿಕವೂ ವಿಠೋಬನ ಭಕ್ತರಾದ ವಾರಕರಿಗಳು ದೇಹೂವಿಗೆ, ಬೌದ್ಧರು ದೇಹೂ ರೋಡ್‌ಗೆ ಎಂದಿನಂತೆ ಬರುತ್ತಲೇ ಇದ್ದಾರೆ. ಆ ಮಾತು ಆಡಿದ ವ್ಯಕ್ತಿಯೇ ದೇಶದ ಶಾಲೆಗಳಲ್ಲಿ ಧರ್ಮಬೋಧನೆಯ ಎಲ್ಲೆಯನ್ನು ಗುರುತಿಸಿದ ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷರೂ ಆಗಿದ್ದರು.

ಸಂವಿಧಾನದ 28ನೆಯ ವಿಧಿ

ಸಂವಿಧಾನ ಸಭೆಯಲ್ಲಿ ಈ ವಿಧಿಯ ಚರ್ಚೆ ನಡೆದದ್ದು 1948ರ ಡಿಸೆಂಬರ್ 7ರಂದು. ಕೆಲವು ಸದಸ್ಯರಿಗೆ ಅನುದಾನಿತ ಶಾಲೆಗಳಲ್ಲೂ ಧರ್ಮಬೋಧನೆ ಪೂರ್ತಿ ನಿಲ್ಲಬೇಕಿತ್ತು, ಪ್ರೊ. ಕೆ. ಟಿ. ಷಾ ಆ ಕಡೆ ವಾಲಿದವರು. ಇನ್ನು ಕೆಲವರಿಗೆ ಸರ್ಕಾರಿ ಶಾಲೆಯಲ್ಲೂ ಮಕ್ಕಳಿಗೆ ಅವರವರ ಧರ್ಮ ಕಲಿಸುವ ಅವಕಾಶ ಬೇಕಿತ್ತು. ಅಂಬೇಡ್ಕರ್ ಕೊಟ್ಟ ಉತ್ತರದಲ್ಲಿ ಮೂರು ಕಾರಣಗಳಿದ್ದವು. ಒಂದು ಧರ್ಮದ ಪೋಷಣೆಗಾಗಿ ಯಾರಿಂದಲೂ ತೆರಿಗೆ ವಸೂಲಿ ಮಾಡಬಾರದೆಂದು ಸಭೆ ಆಗಲೇ ಒಪ್ಪಿತ್ತು. ಎರಡನೆಯದಾಗಿ, ಹತ್ತಾರು ಮತಗಳ ಮಕ್ಕಳು ಒಂದೇ ಊರಿನ ಶಾಲೆಗೆ ಬರುವಲ್ಲಿ ಎಲ್ಲ ಮತಗಳನ್ನೂ ಕಲಿಸುವ ಏರ್ಪಾಡು ಆಗದ ಕೆಲಸ. ಮೂರನೆಯದು ಹೆಚ್ಚು ಖಾರದ್ದು: ತನ್ನ ದಾರಿಯೊಂದೇ ಮೋಕ್ಷದ ದಾರಿ ಎನ್ನುವ ಧರ್ಮಗಳನ್ನು ಒಂದೇ ಸೂರಿನಡಿ ಬೋಧಿಸಿದರೆ ಶಾಲೆಯ ಶಾಂತಿ ಉಳಿಯದು. ಜೊತೆಗೆ ಅವರು ಒಂದು ಗೆರೆಯನ್ನೂ ಎಳೆದರು. ಒಂದು ಧರ್ಮದ ತತ್ತ್ವವನ್ನು ನಂಬಿಸಲು ಬೋಧಿಸುವುದು ಬೇರೆ, ಧರ್ಮವನ್ನು ಅಧ್ಯಯನದ ವಸ್ತುವಾಗಿ ಓದುವುದು ಬೇರೆ ಎಂಬ ಗೆರೆ. ಮುಂದಿನ ಎಪ್ಪತ್ತು ವರ್ಷಗಳ ತೀರ್ಪುಗಳೆಲ್ಲ ಈ ಗೆರೆಯ ಆಚೀಚೆಯೇ ಓಡಾಡಿವೆ.

ಈಗಿರುವ 28ನೆಯ ವಿಧಿಯಲ್ಲಿ ಮೂರು ಖಂಡಗಳಿವೆ. ಪೂರ್ತಿಯಾಗಿ ಸರ್ಕಾರದ ಹಣದಲ್ಲಿ ನಡೆಯುವ ಸಂಸ್ಥೆಯಲ್ಲಿ ಧಾರ್ಮಿಕ ಬೋಧನೆ ಕೂಡದು. ಧರ್ಮಬೋಧನೆಯನ್ನು ಕಡ್ಡಾಯ ಮಾಡಿದ ದತ್ತಿಯಿಂದ ಹುಟ್ಟಿದ ಸಂಸ್ಥೆಯ ಆಡಳಿತ ಸರ್ಕಾರದ ಕೈಯಲ್ಲಿದ್ದರೆ ಅದಕ್ಕೆ ವಿನಾಯಿತಿ ಇದೆ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಸಂಸ್ಥೆಯಲ್ಲಿ ಓದುವ ಯಾರನ್ನೂ ಅವರ ಒಪ್ಪಿಗೆ ಇಲ್ಲದೆ ಧರ್ಮಬೋಧನೆಗಾಗಲಿ ಆರಾಧನೆಗಾಗಲಿ ಕೂರಿಸುವಂತಿಲ್ಲ. ಓದುವವರು ಅಪ್ರಾಪ್ತರಾದರೆ ಪೋಷಕರ ಒಪ್ಪಿಗೆ ಬೇಕು. ಇದನ್ನು ನಿಧಾನವಾಗಿ ಓದಿದರೆ ಎರಡು ಸಂಗತಿ ಕಣ್ಣಿಗೆ ಬೀಳುತ್ತವೆ. ಮೊದಲ ಖಂಡದಲ್ಲಿ ಬೋಧನೆಯ ಮಾತಿದೆ, ಆರಾಧನೆಯ ಮಾತಿಲ್ಲ. ಮೂರನೆಯದರಲ್ಲಿ ಎರಡೂ ಇವೆ, ಆದರೆ ಒಪ್ಪಿಗೆ ಕೊಡುವ ಅಧಿಕಾರ ಮಗುವಿನದಲ್ಲ, ಅಪ್ಪ ಅಮ್ಮನದು. ಹದಿನಾರರ ಹುಡುಗಿಯೊಬ್ಬಳು ತಾನು ದೇವರನ್ನು ನಂಬುವುದಿಲ್ಲ ಎಂದರೆ ಸಂವಿಧಾನದ ಈ ವಿಧಿ ಅವಳ ಮಾತನ್ನು ಕೇಳುವುದಿಲ್ಲ, ಅವಳ ತಂದೆಯ ಸಹಿಯನ್ನು ಕೇಳುತ್ತದೆ.

ಇದೇ ಸಭೆ 1949ರ ಅಕ್ಟೋಬರ್ 17ರಂದು ಇನ್ನೊಂದು ಪ್ರಶ್ನೆಯನ್ನು ಮತಕ್ಕೆ ಹಾಕಿತು. ಮಂಗಳೂರಿನಲ್ಲಿ ಹುಟ್ಟಿದ ಎಚ್. ವಿ. ಕಾಮತರು ಪ್ರಸ್ತಾವನೆ ದೇವರ ಹೆಸರಿನಿಂದ ಆರಂಭವಾಗಬೇಕೆಂದು ತಿದ್ದುಪಡಿ ತಂದರು. ವಿರೋಧಿಸಿದವರೆಲ್ಲ ನಾಸ್ತಿಕರೇನಲ್ಲ, ನಂಬಿಕೆಯ ವಿಷಯದಲ್ಲಿ ಒತ್ತಾಯ ಬೇಡ ಎಂದ ಆಸ್ತಿಕರೇ ಬಹಳ ಮಂದಿ. ದೇವರ ಹೆಸರನ್ನು ಮತದಾನದ ವಸ್ತು ಮಾಡಬೇಡಿ ಎಂದು ಪೂರ್ಣಿಮಾ ಬ್ಯಾನರ್ಜಿ ಕೇಳಿಕೊಂಡರು. ಕಾಮತರು ಪಟ್ಟು ಬಿಡಲಿಲ್ಲ. ಪರ 41, ವಿರೋಧ 68 ಮತ ಬಿದ್ದು ತಿದ್ದುಪಡಿ ಸೋತಿತು. ಆದರೂ ಮೂರನೆಯ ಅನುಸೂಚಿಯ ಪ್ರಮಾಣವಚನದಲ್ಲಿ ದೇವರ ಹೆಸರಿನಲ್ಲಿ ಆಣೆ ಇಡುವುದಕ್ಕೂ ದೇವರನ್ನು ಎಳೆತರದೆ ಗಂಭೀರವಾಗಿ ದೃಢೀಕರಿಸುವುದಕ್ಕೂ ಸಮಾನ ಅವಕಾಶ ಉಳಿಯಿತು. ಮಂತ್ರಿಗೆ ಸಿಕ್ಕ ಈ ಆಯ್ಕೆ ಶಾಲಾ ಮಗುವಿಗೆ ಅಷ್ಟು ಸುಲಭವಾಗಿ ಸಿಕ್ಕಿಲ್ಲ.

ಮಿಷನ್ ಶಾಲೆಯಿಂದ ಶಾರದಾ ಸದನದವರೆಗೆ

ಸಂವಿಧಾನದ ಹಿಂದೆ ವಸಾಹತು ಕಾಲದ ಕಹಿ ಅನುಭವ ಇತ್ತು. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದು ಶಾಲೆ ತೆರೆದರು. ಇಂಗ್ಲಿಷ್ ಕಲಿಯುವ ಆಸೆಯಿಂದ ಮೇಲುಜಾತಿಯವರೂ ಮಕ್ಕಳನ್ನು ಕಳಿಸಿದರು. 1844ರಲ್ಲಿ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ಯುವಕ ಕ್ರೈಸ್ತ ದೀಕ್ಷೆ ಪಡೆದಾಗ ಊರಿಗೆ ಊರೇ ಕೆರಳಿತು. ಮಿಷನ್ನು ಕಲಿಸಿದ ವಿದ್ಯೆ ಬೇಕು, ಮತ ಬೇಡ ಎಂಬ ಪೋಷಕರ ಲೆಕ್ಕಾಚಾರ ಅಂದಿನಿಂದ ಇಂದಿನ ಕಾನ್ವೆಂಟು ಶಾಲೆಯ ಪ್ರವೇಶದ ಸರದಿಯವರೆಗೂ ಬದಲಾಗಿಲ್ಲ.

1854ರ ವುಡ್ ವರದಿ ಸರ್ಕಾರಿ ಶಾಲೆಯ ಪಾಠ ಧರ್ಮದಿಂದ ದೂರವಿರಬೇಕೆಂದಿತು; ಬೈಬಲನ್ನು ಗ್ರಂಥಾಲಯದಲ್ಲಿ ಇಡಬಹುದು, ಹುಡುಗರು ತಾವಾಗಿ ಕೇಳಿದರೆ ಪಾಠದ ಹೊತ್ತಿನಾಚೆ ಶಿಕ್ಷಕರು ವಿವರಿಸಬಹುದು. ಅತ್ತ ಇಂಗ್ಲೆಂಡಿನಲ್ಲಿ 1870ರ ಶಿಕ್ಷಣ ಕಾಯ್ದೆಯೇ ಮಕ್ಕಳನ್ನು ಧರ್ಮದ ಪಾಠದಿಂದ ಹೊರಗಿಡುವ ಹಕ್ಕನ್ನು ಪೋಷಕರಿಗೆ ಕೊಟ್ಟಿತ್ತು. ನಮ್ಮ 28ನೆಯ ವಿಧಿಯ ಮೂರನೆಯ ಖಂಡ ಆ ವಂಶದ್ದೇ.

ಪುಣೆಯ ಪ್ರಕರಣ ಇದಕ್ಕಿಂತ ಸೂಕ್ಷ್ಮ. ಪಂಡಿತಾ ರಮಾಬಾಯಿ ಕಾರ್ಕಳದ ಮಾಳದ ಮೂಲದವರು, ಅನಂತಶಾಸ್ತ್ರಿ ಡೋಂಗ್ರೆಯವರ ಮಗಳು, 1858ರಲ್ಲಿ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ ಹುಟ್ಟಿದವರು. ಸಂಸ್ಕೃತದ ಪಾಂಡಿತ್ಯಕ್ಕೆ ಕಲ್ಕತ್ತೆಯಲ್ಲಿ ಮನ್ನಣೆ ಪಡೆದು, ಇಂಗ್ಲೆಂಡಿನಲ್ಲಿ ಕ್ರೈಸ್ತರಾದರು. ಅವರ ಶಾರದಾ ಸದನ 1889ರಲ್ಲಿ ಮುಂಬಯಿಯಲ್ಲಿ ಆರಂಭವಾಗಿ ಮರುವರ್ಷ ಪುಣೆಗೆ ಬಂತು. ಬಾಲವಿಧವೆಯರ ಈ ಶಾಲೆಯಲ್ಲಿ ಧರ್ಮಬೋಧನೆ ಇಲ್ಲ ಎಂಬ ಭರವಸೆಯ ಮೇಲೆ ರಾನಡೆ, ಭಂಡಾರ್ಕರ್ ಮುಂತಾದ ಸುಧಾರಕರು ಸಲಹಾ ಸಮಿತಿಯಲ್ಲಿದ್ದರು. ರಮಾಬಾಯಿ ತಮ್ಮ ಕೋಣೆಯಲ್ಲಿ ಮಗಳೊಡನೆ ಪ್ರಾರ್ಥನೆ ಮಾಡುತ್ತಿದ್ದರು. ಆ ಕೋಣೆಯ ಬಾಗಿಲನ್ನು ಮುಚ್ಚುತ್ತಿರಲಿಲ್ಲ. ಕೆಲವು ಹುಡುಗಿಯರು ಬಂದು ಕೂರತೊಡಗಿದರು. ಬರಬೇಡಿ ಎಂದು ಹೇಳಲು ರಮಾಬಾಯಿ ಒಪ್ಪಲಿಲ್ಲ. ಟಿಳಕರ ‘ಕೇಸರಿ’ ಪತ್ರಿಕೆ ಗುಡುಗಿತು. 1893ರಲ್ಲಿ ಸಮಿತಿಯವರು ರಾಜೀನಾಮೆ ಕೊಟ್ಟರು, ಪೋಷಕರು ಹಲವು ಹುಡುಗಿಯರನ್ನು ಬಿಡಿಸಿಕೊಂಡು ಹೋದರು.

ಈ ಪ್ರಕರಣದಲ್ಲಿ ಎರಡೂ ಕಡೆಯವರಿಗೆ ನ್ಯಾಯವಿದೆ. ಬೇರೆ ಆಸರೆಯಿಲ್ಲದ ಹುಡುಗಿಗೆ ತನ್ನನ್ನು ಸಾಕುವ ಮಹಿಳೆಯ ಪ್ರಾರ್ಥನೆ ಬರೀ ಪ್ರಾರ್ಥನೆಯಾಗಿ ಉಳಿಯುವುದಿಲ್ಲ ಎಂಬ ಆಕ್ಷೇಪವನ್ನು ತಳ್ಳಿಹಾಕಲಾಗದು. ಆದರೆ ಆಕ್ಷೇಪಿಸಿದವರಲ್ಲಿ ಎಷ್ಟೋ ಮಂದಿಗೆ ಆ ಹುಡುಗಿಯರ ತಲೆ ಬೋಳಿಸುವಾಗ ಒಪ್ಪಿಗೆಯ ಪ್ರಶ್ನೆ ಹೊಳೆದಿರಲಿಲ್ಲ.

ಅದೇ ಪುಣೆಯಲ್ಲಿ, ಅದೇ ವರ್ಷಗಳಲ್ಲಿ, ಫರ್ಗ್ಯುಸನ್ ಕಾಲೇಜಿನ ಪ್ರಾಂಶುಪಾಲರ ಕುರ್ಚಿಯಲ್ಲಿ ದೇವರ ಇರವನ್ನೇ ಪ್ರಶ್ನಿಸುವ ಗೋಪಾಳ ಗಣೇಶ ಆಗರಕರ್ ಇದ್ದರು. ಮಿಲ್, ಸ್ಪೆನ್ಸರರನ್ನು ಓದಿ ಅಜ್ಞೇಯವಾದಿಯಾದವರು. ಟಿಳಕರ ಜೊತೆ 1880ರಲ್ಲಿ ನ್ಯೂ ಇಂಗ್ಲಿಷ್ ಸ್ಕೂಲ್ ಕಟ್ಟಿ, ಸಮಾಜಸುಧಾರಣೆಯ ವಿಷಯದಲ್ಲಿ ಅವರಿಂದ ದೂರವಾಗಿ, 1888ರಲ್ಲಿ ‘ಸುಧಾರಕ’ ಪತ್ರಿಕೆ ಆರಂಭಿಸಿದರು. ಸಂಪ್ರದಾಯಸ್ಥರು ಅವರು ಬದುಕಿರುವಾಗಲೇ ಅವರ ಅಣಕು ಶವಯಾತ್ರೆ ನಡೆಸಿದರು. ಆದರೂ ಕಾಲೇಜಿನ ಆಡಳಿತ ಅವರನ್ನು ಹುದ್ದೆಯಿಂದ ಇಳಿಸಲಿಲ್ಲ. 1895ರಲ್ಲಿ ಸಾಯುವವರೆಗೂ ಪ್ರಾಂಶುಪಾಲರಾಗಿಯೇ ಇದ್ದರು. ಆಂಧ್ರದ ಗೋರಾ ಅವರಿಗೆ ಈ ಅದೃಷ್ಟ ಇರಲಿಲ್ಲ. ಸಸ್ಯಶಾಸ್ತ್ರದ ಅಧ್ಯಾಪಕರಾಗಿದ್ದ ಅವರು ನಾಸ್ತಿಕತೆಯ ಕಾರಣಕ್ಕೆ ಕಾಲೇಜು ಕೆಲಸ ಕಳೆದುಕೊಂಡರು. ಅಂಥವರನ್ನು ಸೇವಾಗ್ರಾಮದಲ್ಲಿ ಕೂರಿಸಿಕೊಂಡು ಗಂಟೆಗಟ್ಟಲೆ ಮಾತಾಡಿದವರು ಗಾಂಧಿ. ಸತ್ಯವೇ ದೇವರು ಎಂಬಲ್ಲಿಗೆ ಆ ಹೊತ್ತಿಗೆ ಅವರು ಬಂದು ಮುಟ್ಟಿದ್ದರು. ತಮ್ಮ ವರ್ಧಾ ಶಿಕ್ಷಣ ಯೋಜನೆಯಲ್ಲಿ ಧರ್ಮಬೋಧನೆಗೆ ಜಾಗ ಕೊಟ್ಟಿರಲಿಲ್ಲ.

ಬೆಳಗಿನ ಪ್ರಾರ್ಥನೆ

ಭಾರತದಲ್ಲಿ ಈ ವಿಷಯದ ನಿಜವಾದ ತಿಕ್ಕಾಟ ಪಠ್ಯಪುಸ್ತಕಕ್ಕಿಂತ ಹೆಚ್ಚಾಗಿ ಬೆಳಗಿನ ಹತ್ತು ನಿಮಿಷದಲ್ಲಿದೆ. ಮೈದಾನದಲ್ಲಿ ಸಾಲು ನಿಂತು, ಕಣ್ಣು ಮುಚ್ಚಿ, ಕೈ ಜೋಡಿಸಿ ಹೇಳುವ ಪ್ರಾರ್ಥನೆ ನಂಬುವವರಿಗೆ ಗಾಳಿಯಷ್ಟು ಸಹಜ. ಅದರ ಒಳಗೆ ಒಂದು ಧರ್ಮ ಇದೆ ಎಂಬುದು ಹೊರಗೆ ನಿಂತವರಿಗೆ ಮಾತ್ರ ಕಾಣುತ್ತದೆ.

ದೇಹೂ ರೋಡ್‌ನ ಕೇಂದ್ರೀಯ ವಿದ್ಯಾಲಯ ಇದಕ್ಕೆ ಸರಿಯಾದ ಉದಾಹರಣೆ. ವರ್ಗಾವಣೆಯಾಗುವ ಕೇಂದ್ರ ನೌಕರರ, ಸೈನಿಕರ ಮಕ್ಕಳಿಗಾಗಿ 1963ರಲ್ಲಿ ರೂಪುಗೊಂಡ ಈ ಶಾಲಾಜಾಲದಲ್ಲಿ ಪಠ್ಯ, ಸಮವಸ್ತ್ರ, ಪ್ರಾರ್ಥನೆ ದೇಶದಾದ್ಯಂತ ಒಂದೇ. ಬೃಹದಾರಣ್ಯಕ ಉಪನಿಷತ್ತಿನ ಸಂಸ್ಕೃತ ಮಂತ್ರ, ಅದರ ಜೊತೆಗೆ ಒಂದು ಹಿಂದಿ ಪ್ರಾರ್ಥನಾಗೀತೆ. ಬೆಳಗಾವಿಯಿಂದ ವರ್ಗವಾಗಿ ದೇಹೂ ರೋಡ್‌ಗೆ ಬಂದ ಹವಾಲ್ದಾರನ ಮಗಳಿಗೆ ಭಾಷೆ, ಊಟ, ಗೆಳತಿಯರೆಲ್ಲ ಹೊಸದಾದರೂ ಪ್ರಾರ್ಥನೆ ಹಳೆಯದೇ. ಅದರಲ್ಲೊಂದು ಸಮಾಧಾನವಿದೆ ಎಂಬುದನ್ನು ವಿಮರ್ಶಕರು ಮರೆಯುವುದುಂಟು. ಮಧ್ಯಪ್ರದೇಶದ ವಕೀಲರೊಬ್ಬರು ಇದು ಸರ್ಕಾರದ ಪೂರ್ಣ ಹಣದ ಶಾಲೆಯಲ್ಲಿ ನಡೆಯುವ ಧರ್ಮಬೋಧನೆಯೆಂದೂ, ಅಲ್ಪಸಂಖ್ಯಾತರ ಮತ್ತು ನಾಸ್ತಿಕರ ಮಕ್ಕಳಿಗೆ ಒತ್ತಾಯವೆಂದೂ ಸುಪ್ರೀಂ ಕೋರ್ಟಿಗೆ ಹೋದರು. ನ್ಯಾಯಾಲಯ 2018ರ ಜನವರಿಯಲ್ಲಿ ನೋಟಿಸು ಕೊಟ್ಟಿತು. ಮಂತ್ರದ ಮಾತು ಸಾರ್ವತ್ರಿಕ ಸತ್ಯ, ನ್ಯಾಯಾಲಯದ ಲಾಂಛನದಲ್ಲೇ ಮಹಾಭಾರತದ ಮಾತಿದೆಯಲ್ಲ ಎಂದು ಕೇಂದ್ರದ ಪರ ವಾದ ಬಂತು. 2019ರ ಜನವರಿಯಲ್ಲಿ ಇಬ್ಬರು ನ್ಯಾಯಮೂರ್ತಿಗಳ ಪೀಠ ವಿಷಯವನ್ನು ದೊಡ್ಡ ಪೀಠದ ಮುಂದೆ ಇಡಬೇಕೆಂದು ಮುಖ್ಯ ನ್ಯಾಯಮೂರ್ತಿಗಳಿಗೆ ಕಳಿಸಿತು. ವಾದದ ಗಂಟು ಮೊದಲು ಹೇಳಿದ ಬಿರುಕಿನಲ್ಲೇ ಇದೆ: ಪ್ರಾರ್ಥನೆ ಬೋಧನೆಯೋ ಆರಾಧನೆಯೋ? ಆರಾಧನೆ ಎಂದರೆ ಮೊದಲ ಖಂಡ ಅದನ್ನು ಹೆಸರಿಸಿಲ್ಲ. ಬೋಧನೆ ಎಂದರೆ ಹತ್ತು ನಿಮಿಷದ ಹಾಡಿಗೆ ಆ ಹೆಸರು ಭಾರವಾಗುತ್ತದೆ.

ಬೇಡ ಎನ್ನುವವನ ಬಗ್ಗೆ ಮಾತ್ರ ನ್ಯಾಯಾಲಯಗಳು ಹೆಚ್ಚು ಸ್ಪಷ್ಟವಾಗಿ ಮಾತಾಡಿವೆ. ಕೇರಳದಲ್ಲಿ 1985ರಲ್ಲಿ ಯೆಹೋವನ ಸಾಕ್ಷಿಗಳ ಪಂಥದ ಮೂವರು ಮಕ್ಕಳನ್ನು ರಾಷ್ಟ್ರಗೀತೆ ಹಾಡಲಿಲ್ಲವೆಂದು ಶಾಲೆಯಿಂದ ತೆಗೆದರು. ಅವರು ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. 1986ರಲ್ಲಿ ಸುಪ್ರೀಂ ಕೋರ್ಟು ಮಕ್ಕಳನ್ನು ವಾಪಸು ಸೇರಿಸಿಕೊಳ್ಳಲು ಆದೇಶಿಸಿತು. ನಾಸಿಕದ ಶಿಕ್ಷಕರೊಬ್ಬರು ಪ್ರಾರ್ಥನೆಯ ಹೊತ್ತಿಗೆ ಕೈ ಜೋಡಿಸಲಿಲ್ಲ ಎಂಬ ಕಾರಣಕ್ಕೆ ಅವರ ವೇತನಶ್ರೇಣಿ ತಡೆಹಿಡಿದಾಗ, 2013ರಲ್ಲಿ ಬಾಂಬೆ ಹೈಕೋರ್ಟು ಅಂಥ ಒತ್ತಾಯ ಸಲ್ಲದೆಂದಿತು. ಈ ಎರಡೂ ಪ್ರಕರಣಗಳಲ್ಲಿ ಗೆದ್ದವರು ಇತರರ ಹಾಡನ್ನಾಗಲಿ ಪ್ರಾರ್ಥನೆಯನ್ನಾಗಲಿ ನಿಲ್ಲಿಸಲು ಕೇಳಿರಲಿಲ್ಲ. ಅಮೆರಿಕದ ಸುಪ್ರೀಂ ಕೋರ್ಟು 1962ರಲ್ಲಿ ಸರ್ಕಾರ ಬರೆದ ಶಾಲಾ ಪ್ರಾರ್ಥನೆಯನ್ನೇ ರದ್ದು ಮಾಡಿತು, ಫ್ರಾನ್ಸು 2004ರಲ್ಲಿ ಎದ್ದು ಕಾಣುವ ಧಾರ್ಮಿಕ ಗುರುತನ್ನೇ ಸರ್ಕಾರಿ ಶಾಲೆಯಿಂದ ಹೊರಗಿಟ್ಟಿತು. ಭಾರತದ ಒಲವು ಈ ಎರಡಕ್ಕೂ ಇಲ್ಲ. ಎಲ್ಲರೂ ಹಾಡಲಿ, ಬೇಡವಾದವನು ಸುಮ್ಮನೆ ನಿಲ್ಲಲಿ ಎಂಬುದು ನಮ್ಮ ರೂಢಿ. ಆದರೆ ಎಂಟು ವರ್ಷದ ಮಗು ಐನೂರು ಮಕ್ಕಳ ನಡುವೆ ಸುಮ್ಮನೆ ನಿಲ್ಲುವುದು ವಯಸ್ಕ ಶಿಕ್ಷಕ ನಿಂತಷ್ಟು ಸುಲಭವಲ್ಲ ಎಂಬುದನ್ನು ಈ ರೂಢಿ ಲೆಕ್ಕಕ್ಕೆ ತೆಗೆದುಕೊಂಡಂತಿಲ್ಲ.

ದಂಡಿನ ಊರಿನಲ್ಲಿ ಒಂದು ವೈದೃಶ್ಯವೂ ಇದೆ. ಸೇನೆಯ ಘಟಕಗಳಲ್ಲಿ ಎಲ್ಲ ಮತಗಳಿಗೂ ಸೇರಿದ ‘ಸರ್ವಧರ್ಮ ಸ್ಥಳ’ ಇರುತ್ತದೆ, ಪಂಡಿತ, ಮೌಲ್ವಿ, ಗ್ರಂಥಿ, ಪಾದ್ರಿ ಸೇನೆಯ ಸಂಬಳದಲ್ಲಿರುತ್ತಾರೆ. ಸೈನಿಕರ ಪೂಜೆಯಲ್ಲಿ ಗರ್ಭಗುಡಿ ಹೊಗಲು ಒಪ್ಪದ ಕ್ರೈಸ್ತ ಅಧಿಕಾರಿಯೊಬ್ಬರ ವಜಾವನ್ನು 2025ರಲ್ಲಿ ದೆಹಲಿ ಹೈಕೋರ್ಟೂ ಬಳಿಕ ಸುಪ್ರೀಂ ಕೋರ್ಟೂ ಎತ್ತಿಹಿಡಿದವು. ಅಂದರೆ ಒಂದೇ ಕಂಟೋನ್ಮೆಂಟಿನಲ್ಲಿ ಅಪ್ಪನಿಗೆ ಇಲ್ಲದ ಹಿಂದೆ ಸರಿಯುವ ಹಕ್ಕು ಶಾಲೆಗೆ ಹೋಗುವ ಮಗಳಿಗಿದೆ.

ಕರ್ನಾಟಕದಲ್ಲಿ

ಕರ್ನಾಟಕದ ಚಿತ್ರದಲ್ಲಿ ಮಠಗಳು ಮೊದಲು ಬರುತ್ತವೆ. ತುಮಕೂರಿನ ಸಿದ್ಧಗಂಗೆ, ಮೈಸೂರು ಸೀಮೆಯ ಸುತ್ತೂರು ಮೊದಲಾದ ಮಠಗಳು ಊಟ, ವಸತಿ, ವಿದ್ಯೆ ಕೊಟ್ಟು ಬೆಳೆಸಿದ ಮಕ್ಕಳಲ್ಲಿ ಎಲ್ಲ ಜಾತಿಯವರೂ ಇದ್ದಾರೆ, ಮುಸ್ಲಿಮರೂ ಇದ್ದಾರೆ. ಸಿದ್ಧಗಂಗೆಯ ಸಾಮೂಹಿಕ ಪ್ರಾರ್ಥನೆಯಲ್ಲಿ ಸಾವಿರಾರು ಮಕ್ಕಳು ಒಟ್ಟಿಗೆ ಕೂರುತ್ತಾರೆ. ಸರ್ಕಾರ ಮಾಡಲಾಗದ ಕೆಲಸವನ್ನು ಮಠ ಮಾಡಿತು ಎಂಬುದು ನಿಜ. ಹಸಿದು ಬಂದ ಬಡ ಮಗುವಿನ ಒಪ್ಪಿಗೆ ಎಷ್ಟು ಸ್ವತಂತ್ರ ಎಂಬ ಪ್ರಶ್ನೆ ಶಾರದಾ ಸದನಕ್ಕೆ ಕೇಳಿದ್ದಾದರೆ ಇಲ್ಲಿಗೂ ಕೇಳಬೇಕಾದದ್ದೇ. ಕನ್ನಡದಲ್ಲಿ ಅದನ್ನು ಕೇಳಿದವರು ಕಡಿಮೆ.

ಇನ್ನೊಂದು ತುದಿಯಲ್ಲಿ ಡಾ. ಎಚ್. ನರಸಿಂಹಯ್ಯನವರಿದ್ದಾರೆ. ಬಸವನಗುಡಿಯ ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ಕೋಣೆಯಲ್ಲೇ ಜೀವನ ಕಳೆದ ಈ ಬ್ರಹ್ಮಚಾರಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡ ಮತ್ತು ಮೂಢನಂಬಿಕೆಗಳ ತನಿಖೆಗೆ ಸಮಿತಿ ರಚಿಸಿದರು. ಪುಟ್ಟಪರ್ತಿಯ ಸತ್ಯಸಾಯಿ ಬಾಬಾ ಪರೀಕ್ಷೆಗೆ ಒಪ್ಪಲಿಲ್ಲ, ದೇಶವೆಲ್ಲ ಗದ್ದಲವಾಯಿತು. ವೈಜ್ಞಾನಿಕ ಮನೋಭಾವವನ್ನು ನಾಗರಿಕರ ಕರ್ತವ್ಯವಾಗಿಸಿದ 42ನೆಯ ತಿದ್ದುಪಡಿ ಅದೇ ವರ್ಷದ್ದು. ಖಾದಿ, ಸರಳತೆ, ಕಠಿಣ ಶಿಸ್ತು ಎಲ್ಲದರಲ್ಲೂ ಮಠದ ಸ್ವಾಮಿಗಳನ್ನು ನೆನಪಿಸುವಂತಿದ್ದ ಈ ವಿಚಾರವಾದಿಗಳ ವಿದ್ಯಾಸಂಸ್ಥೆಗಳಿಗೆ ಆಸ್ತಿಕ ಮನೆತನಗಳೇ ಮಕ್ಕಳನ್ನು ಕಳಿಸುತ್ತಿದ್ದವು.

ಇತ್ತೀಚಿನ ವಿವಾದಗಳು ಹಲವು. 2011ರ ಭಗವದ್ಗೀತಾ ಅಭಿಯಾನವನ್ನು ಶಾಲೆಗಳಲ್ಲಿ ನಡೆಸುವ ಬಗ್ಗೆ ಜಗಳವಾಯಿತು. 2022ರಲ್ಲಿ ಬೆಂಗಳೂರಿನ ಒಂದು ಕ್ರೈಸ್ತ ಶಾಲೆಯ ಪ್ರವೇಶ ಅರ್ಜಿಯಲ್ಲಿದ್ದ ಬೈಬಲ್ ಷರತ್ತಿನ ಬಗ್ಗೆಯೂ ಆಯಿತು. ಉಡುಪಿಯ ಸರ್ಕಾರಿ ಪದವಿಪೂರ್ವ ಕಾಲೇಜಿನಲ್ಲಿ ಆರಂಭವಾದ ಹಿಜಾಬ್ ಪ್ರಕರಣದಲ್ಲಿ ಕರ್ನಾಟಕ ಹೈಕೋರ್ಟು 2022ರ ಮಾರ್ಚ್ 15ರಂದು ಸರ್ಕಾರದ ಸಮವಸ್ತ್ರ ಆದೇಶವನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಒಬ್ಬೊಬ್ಬರು ಒಂದೊಂದು ಕಡೆ ನಿಂತರು. ಈ ನಡುವೆ ಪರೀಕ್ಷೆ ತಪ್ಪಿಹೋದ ಹುಡುಗಿಯರ ವರ್ಷ ಯಾವ ಪೀಠದಿಂದಲೂ ವಾಪಸು ಬರಲಿಲ್ಲ. 2024ರ ಫೆಬ್ರುವರಿಯಲ್ಲಿ ವಸತಿಶಾಲೆಗಳ ಬಾಗಿಲ ಮೇಲೆ ಕೈಮುಗಿದು ಬರಲು ಹೇಳುತ್ತಿದ್ದ ಬರಹದ ಜಾಗದಲ್ಲಿ ಧೈರ್ಯವಾಗಿ ಪ್ರಶ್ನಿಸಲು ಹೇಳುವ ಬರಹ ಬಂದಾಗ ವಿಧಾನಮಂಡಲದವರೆಗೂ ಗಲಾಟೆ ಹೋಯಿತು. ಕೈಮುಗಿದವನು ಪ್ರಶ್ನೆ ಕೇಳಬಾರದೆಂದು ಎರಡೂ ಪಕ್ಷದವರು ಯಾಕೆ ಭಾವಿಸಿದರೋ ತಿಳಿಯದು.

ಇವೆಲ್ಲದರ ನಡುವೆ ಬಗೆಹರಿದದ್ದು ಮೊಟ್ಟೆಯ ವಿಷಯ. 2021ರ ಕೊನೆಯಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳ ಬಿಸಿಯೂಟದಲ್ಲಿ ಮೊಟ್ಟೆ ಕೊಡಲು ಆರಂಭಿಸಿದಾಗ ಕೆಲವು ಮಠಾಧೀಶರು ತೀವ್ರವಾಗಿ ವಿರೋಧಿಸಿದರು. ಮಕ್ಕಳೇ ಮೊಟ್ಟೆ ಬೇಕೆಂದು ಮಾತಾಡಿದರು. ತಿನ್ನದವರಿಗೆ ಬಾಳೆಹಣ್ಣು ಅಥವಾ ಚಿಕ್ಕಿ ಎಂಬ ಏರ್ಪಾಡು ಉಳಿಯಿತು, ಮುಂದೆ ರಾಜ್ಯದ ಎಲ್ಲೆಡೆಗೂ ಹಬ್ಬಿತು. ತತ್ತ್ವಚರ್ಚೆಯಿಂದ ಆಗದ್ದು ಒಂದೇ ಸಾಲಿನಲ್ಲಿ ಕೂತ ಎರಡು ತಟ್ಟೆಗಳಿಂದ ಆಯಿತು.

ಧರ್ಮದ ಬಗೆಗಿನ ಪಾಠ, ಧರ್ಮವಿಲ್ಲದವರ ಲೆಕ್ಕ

ಬೋಧನೆ ಬೇಡ, ತಿಳಿವಳಿಕೆ ಬೇಕು ಎಂಬ ನಿಲುವನ್ನು 1964–66ರ ಕೊಠಾರಿ ಆಯೋಗವೂ ತಳೆಯಿತು. 2002ರಲ್ಲಿ ಅರುಣಾ ರಾಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಎಲ್ಲ ಧರ್ಮಗಳ ಪರಿಚಯ ಕೊಡುವ ಪಠ್ಯ 28ನೆಯ ವಿಧಿಗೆ ವಿರುದ್ಧವಲ್ಲ ಎಂದಿತು. ಆದರೆ ಈ ಪರಿಚಯದ ಪಾಠಗಳಲ್ಲಿ ಚಾರ್ವಾಕರಿಗೆ ಎಷ್ಟು ಸಾಲು ಸಿಗುತ್ತದೆ? ದೇವರ ಬಗ್ಗೆ ಮೌನ ತಾಳಿದ ಬುದ್ಧನೂ ಸೃಷ್ಟಿಕರ್ತನನ್ನು ಒಪ್ಪದ ಜೈನಮತವೂ ಪಾಠಕ್ಕೆ ಬರುತ್ತವೆ, ಆದರೆ ಅವರ ನಿರಾಕರಣೆ ಬರುವುದಿಲ್ಲ.

2011ರ ಜನಗಣತಿಯಲ್ಲಿ ಧರ್ಮ ತಿಳಿಸದವರ ಕಾಲಂನಲ್ಲಿ ಸುಮಾರು 28.7 ಲಕ್ಷ ಜನರಿದ್ದರು. ಅವರಲ್ಲಿ ನಾಸ್ತಿಕರೆಷ್ಟು, ಉತ್ತರ ಕೊಡದವರೆಷ್ಟು ಎಂದು ಬೇರ್ಪಡಿಸುವ ದಾರಿ ಇಲ್ಲ. ನಂಬಿಕೆಗಳನ್ನು ಪ್ರಶ್ನಿಸಿದವರು ಬೆಲೆ ತೆರಬೇಕಾಗಿಯೂ ಬಂದಿದೆ. ಅಂಧಶ್ರದ್ಧಾ ನಿರ್ಮೂಲನ ಸಮಿತಿಯ ಡಾ. ನರೇಂದ್ರ ದಾಭೋಳ್ಕರ್ ಅವರನ್ನು 2013ರ ಆಗಸ್ಟ್ 20ರಂದು ಪುಣೆಯಲ್ಲಿ, ಪ್ರೊ. ಎಂ. ಎಂ. ಕಲಬುರ್ಗಿಯವರನ್ನು 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಗುಂಡಿಟ್ಟು ಕೊಂದರು. ಕಲಬುರ್ಗಿಯವರು ನಾಸ್ತಿಕರಲ್ಲ, ವಚನ ಸಾಹಿತ್ಯದ ಸಂಶೋಧಕರು. ದಾಭೋಳ್ಕರರು ದೇವರ ಬಗ್ಗೆ ತಕರಾರಿಲ್ಲ, ಶೋಷಣೆಯ ಬಗ್ಗೆ ತಕರಾರು ಎನ್ನುತ್ತಿದ್ದವರು. ಅಸಹನೆಗೆ ಈ ವ್ಯತ್ಯಾಸ ಕಾಣಲಿಲ್ಲ.

ದಾಭೋಳ್ಕರರ ಹತ್ಯೆಯ ಮರುವರ್ಷ, 2014ರ ಸೆಪ್ಟೆಂಬರಿನಲ್ಲಿ, ಬಾಂಬೆ ಹೈಕೋರ್ಟು ಇನ್ನೊಂದು ತೀರ್ಪು ಕೊಟ್ಟಿತು: ತನಗೆ ಯಾವ ಧರ್ಮವೂ ಇಲ್ಲ ಎಂದು ಹೇಳುವ ಹಕ್ಕು ಪ್ರತಿ ನಾಗರಿಕನಿಗಿದೆ, ಸರ್ಕಾರಿ ಅರ್ಜಿಯಲ್ಲಿ ಧರ್ಮ ಘೋಷಿಸುವಂತೆ ಯಾರೂ ಒತ್ತಾಯಿಸುವಂತಿಲ್ಲ. ದೇಹೂ ರೋಡ್ ಆ ನ್ಯಾಯಾಲಯದ ವ್ಯಾಪ್ತಿಯಲ್ಲೇ ಇದೆ. ಶಾಲೆಗೆ ಸೇರಿಸುವಾಗ ತುಂಬುವ ಅರ್ಜಿಯಲ್ಲಿ ಧರ್ಮ ಮತ್ತು ಜಾತಿಯ ಕಾಲಂಗಳು ಸಾಮಾನ್ಯ. 28ನೆಯ ವಿಧಿ ಕೇಳುವ ಒಪ್ಪಿಗೆಗೆ, ಅಂದರೆ ಮಗುವನ್ನು ಪ್ರಾರ್ಥನೆಗೆ ನಿಲ್ಲಿಸಬಹುದೇ ಎಂದು ಪೋಷಕರನ್ನು ಕೇಳುವುದಕ್ಕೆ, ಒಂದು ಕಾಲಂ ಇರುವ ಅರ್ಜಿ ಸಿಗುವುದು ಅಪರೂಪ.